ನಾಟಕ ಬರೆಯೋದು ಕಲಿಯಲು ಯಾವುದು ವಾಸಿ: ವಿಡಿಯೋ ಕೋರ್ಸಾ, ಯೂನಿವರ್ಸಿಟಿ ಕ್ಲಾಸಾ, ರಂಗತಂಡವಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯೂನಿವರ್ಸಿಟಿ ಕ್ಲಾಸಿಗೆ. ವಿಡಿಯೋ ಕೋರ್ಸಿಗೆ ದುಡ್ಡು ಕಟ್ಟಿ ಕೈ ಸುಟ್ಟುಕೊಂಡ ಮೇಲೆ ಬರೆಯುತ್ತಿದ್ದೇನೆ, ಹಾಗಾಗಿ ಸ್ವಲ್ಪ ಸಿಟ್ಟೂ ಸೇರಿಕೊಂಡಿದೆ.

ವಿಡಿಯೋದವರು ಹೇಳಿಕೊಟ್ಟದ್ದು ತಪ್ಪೇನಲ್ಲ. ಪಾತ್ರಕ್ಕೆ ಏನು ಬೇಕು, ಅದಕ್ಕೆ ಯಾರು ಅಡ್ಡ ಬರುತ್ತಾರೆ, ದೃಶ್ಯವನ್ನು ಎಷ್ಟು ತಡವಾಗಿ ಶುರು ಮಾಡಬಹುದು, ಎಲ್ಲ ಚೆನ್ನಾಗಿಯೇ ಇತ್ತು. ನೋಟ್ಸ್ ಬರೆದುಕೊಂಡೆ, ಒಬ್ಬನೇ ಕೂತು ತಲೆಯಾಡಿಸಿದೆ, 10 ಪುಟದ ನಾಟಕವನ್ನೂ ಬರೆದೆ. ಒಂದು ಪುಟಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಅಂತ ಹೇಳಿದ್ದರು, ಅಂದಮೇಲೆ 10 ನಿಮಿಷದ ನಾಟಕ ರೆಡಿ ಅಂದುಕೊಂಡೆ. ಕೊನೆಗೆ ಸರ್ಟಿಫಿಕೇಟ್ ಬಂತು. ನಾಟಕವನ್ನು ಮಾತ್ರ ಯಾರೂ ಓದಲಿಲ್ಲ.

ಆಮೇಲೆ ಕ್ರಿಯೇಟಿವ್ ರೈಟಿಂಗ್ ಕೋರ್ಸು ಸೇರಿದೆ, ಅದರಲ್ಲಿ ನಾಟಕ ರಚನೆಯ ಪೇಪರ್ ತೆಗೆದುಕೊಂಡೆ. ಅದೇ 10 ಪುಟ ಹಿಡಿದುಕೊಂಡು ಹೋದೆ. ಮೇಷ್ಟ್ರು ಪಾತ್ರ ಹಂಚಿದರು, ಒಬ್ಬಳಿಗೆ ರಂಗಸೂಚನೆ ಓದಲು ಹೇಳಿದರು, ಫೋನಿನಲ್ಲಿ ಟೈಮರ್ ಒತ್ತಿದರು. 17 ನಿಮಿಷ! ನಾನು ಸಾಲು ಬಿಡದೆ ಇರುವೆ ಸಾಲಿನ ಹಾಗೆ ಟೈಪ್ ಮಾಡಿದ್ದೆ, ಒಬ್ಬೊಬ್ಬರ ಮಾತೂ ಅರ್ಧರ್ಧ ಪುಟ. ಪುಟಕ್ಕೊಂದು ನಿಮಿಷ ಅನ್ನೋದು ಪಾತ್ರದ ಹೆಸರು, ಮಾತು, ಖಾಲಿ ಜಾಗ ಎಲ್ಲ ಸರಿಯಾಗಿ ಬಿಟ್ಟು ಬರೆದಾಗಿನ ಲೆಕ್ಕ, ಅದೂ ಅಂದಾಜಿನದು. ಅದಕ್ಕಿಂತ ನಾಚಿಕೆಯಾಗಿದ್ದು ರಂಗಸೂಚನೆಯಲ್ಲಿ. 'ಅಣ್ಣ ಮನೆ ಬಿಟ್ಟುಹೋದ ರಾತ್ರಿ ಅವಳಿಗೆ ನೆನಪಾಗುತ್ತದೆ' ಅಂತ ಬರೆದಿದ್ದೆ. ಓದುತ್ತಿದ್ದವಳು ನಿಲ್ಲಿಸಿ, "ಇದನ್ನ ಸ್ಟೇಜ್ ಮೇಲೆ ಹೇಗೆ ಮಾಡಿ ತೋರಿಸೋದು?" ಅಂತ ಕೇಳಿದಳು. ಕತೆ ಬರೆದು ಅಭ್ಯಾಸ ಇರುವವರಿಗೆಲ್ಲ ಈ ಚಟ ಇರುತ್ತದೆ ಅಂತ ಕಾಣುತ್ತೆ. ಮೂರು ತಿಂಗಳ ವಿಡಿಯೋದಲ್ಲಿ ಹತ್ತದ ಬುದ್ಧಿ ಆ ಒಂದು ಪ್ರಶ್ನೆಗೆ ಹತ್ತಿತು.

ಹಾಗಂತ ಕ್ಲಾಸಿನಲ್ಲಿ ಎಲ್ಲ ಸುಖವೇ ಅಂದುಕೊಳ್ಳಬೇಡಿ. ಓದುವವರು ನಟರಲ್ಲ. ಇದೊಂದು ವಿಷಯ ನನಗೆ ಅರ್ಧ ಸೆಮಿಸ್ಟರ್ ತಲೆ ತಿಂದಿತು.

ನಾಟಕದಲ್ಲಿ ಅಜ್ಜಿಯ ಒಂದು ಮಾತಿತ್ತು, ನನ್ನ ಪ್ರಕಾರ ಇಡೀ ನಾಟಕದಲ್ಲಿ ನಗು ಬರಲೇಬೇಕಾದ ಜಾಗ. ಓದಿದ ಹುಡುಗ ರೈಲ್ವೆ ಅನೌನ್ಸ್‌ಮೆಂಟ್ ಥರ ಓದಿದ. ಯಾರೂ ನಗಲಿಲ್ಲ. ಚರ್ಚೆಯಲ್ಲಿ ನಾಲ್ಕು ಜನ "ಅಜ್ಜಿ ಮಾತು ತೆಗೆದುಬಿಡಿ" ಅಂದರು. ನಮ್ಮ ಕ್ಲಾಸಿನ ನಿಯಮ ಏನು ಗೊತ್ತಾ? ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ಬಿಡುವ ಹಾಗಿಲ್ಲ. ನಿಯಮ ಒಳ್ಳೆಯದೇ, ನಾಟಕ ನೋಡಲು ಬಂದವರ ಕಿವಿಯಲ್ಲಿ ನಾವು ಹೋಗಿ ವಿವರಿಸೋಕೆ ಆಗಲ್ಲ ಅಲ್ವಾ. ಆದರೆ ಅವತ್ತು ತುಟಿ ಕಚ್ಚಿ ಕೂತೆ. ಮನೆಗೆ ಬಂದು ಮಾತನ್ನು ತೆಗೆದೂಬಿಟ್ಟೆ.

ಎರಡು ವಾರ ಬಿಟ್ಟು ಅವತ್ತಿನ ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯಿತು, ಅವನು ನಿಲ್ಲಿಸಬೇಕಾದ ಕಡೆ ನಿಲ್ಲಿಸದೆ ಮುಂದಿನವರ ಮಾತನ್ನೂ ಸೇರಿಸಿ ಓದಿದ್ದ. ತಪ್ಪು ಮಾತಿನದಾ, ಓದಿದ್ದರದಾ? ಅಂದಿನಿಂದ ಮೇಷ್ಟ್ರನ್ನು ಕಾಡಿ, ಅನುಮಾನ ಇರುವ ಒಂದೇ ಒಂದು ಪುಟವನ್ನು ಬೇರೆ ಇಬ್ಬರಿಂದ ಇನ್ನೊಮ್ಮೆ ಓದಿಸಲು ಶುರು ಮಾಡಿದೆ. ಎರಡು ಸಲವೂ ಮಾತು ಸಪ್ಪೆಯಾದರೆ ತಪ್ಪು ನನ್ನದು. ಟೈಮ್ ಇಲ್ಲ ಅಂತ ಅವರು ಗೊಣಗುತ್ತಿದ್ದರು, 15 ಜನರ ಕ್ಲಾಸು, ಒಬ್ಬೊಬ್ಬರ ಸರದಿ ಬರುವುದೇ ಸೆಮಿಸ್ಟರಿಗೆ ಮೂರು ಸಲ.

ಇದರ ಉಲ್ಟಾ ಇನ್ನೂ ಅಪಾಯ. ಚೆನ್ನಾಗಿ ಓದುವ ಒಬ್ಬಳಿದ್ದಳು, ನನ್ನ ಅತ್ಯಂತ ಸಪ್ಪೆ ದೃಶ್ಯವನ್ನು ದನಿಯಲ್ಲೇ ಎತ್ತಿ ನಿಲ್ಲಿಸಿಬಿಟ್ಟಳು. ಎಲ್ಲರೂ ಹೊಗಳಿದರು. ನಾನೂ ನಂಬಿದೆ.

ರಂಗತಂಡದ ವಿಷಯ ಚಿಕ್ಕದು. ನಾಲ್ಕು ತಿಂಗಳು ಸಂಜೆ ತಾಲೀಮಿಗೆ ಹೋದೆ. ಒಳಗೆ ಹೋದವನು ಎರಡೇ ಮಾತಿನ ಅಂತರದಲ್ಲಿ ಬೇರೆ ಬಟ್ಟೆ ಹಾಕಿಕೊಂಡು ಹೊರಗೆ ಬರಲಾರ ಅನ್ನುವಂಥ ಪಾಠ ಅಲ್ಲಿ ಮಾತ್ರ ಸಿಗುತ್ತದೆ. ಆದರೆ ಬರೆದದ್ದನ್ನು ತಿದ್ದುವವರಿಲ್ಲ, ಹೊಸಬನ ಸ್ಕ್ರಿಪ್ಟಿಗೆ ಸರದಿಯೂ ಇಲ್ಲ, ಸುಮ್ನೆ ಕುರ್ಚಿ ಜೋಡಿಸಿದ್ದೇ ಜಾಸ್ತಿ.

ಕ್ಲಾಸು ಮತ್ತು ಸ್ಟೇಜು ಎರಡೂ ಒಂದೇ ಕಡೆ ಸಿಕ್ಕರೆ ಅದೃಷ್ಟ. ಅಮೆರಿಕದ ಹಾರ್ವರ್ಡ್ ಯೂನಿವರ್ಸಿಟಿಯಲ್ಲಿ ನಾಟಕ ಬರೆಯುವುದನ್ನು ಕಲಿಸುತ್ತಿದ್ದ ಜಾರ್ಜ್ ಪಿಯರ್ಸ್ ಬೇಕರ್ ಇದಕ್ಕೇ '47 ವರ್ಕ್‌ಷಾಪ್' ಅಂತ ಮಾಡಿ, ಹುಡುಗರು ಬರೆದದ್ದನ್ನು ಆಡಿಸಿ ನೋಡುತ್ತಿದ್ದರು. ಆಮೇಲೆ ದೊಡ್ಡ ನಾಟಕಕಾರನಾದ ಯೂಜೀನ್ ಓನೀಲ್ 1914ರಲ್ಲಿ ಅವರ ಹತ್ತಿರವೇ ಕಲಿಯಲು ಹೋಗಿದ್ದು. ನಮ್ಮ ಕ್ಲಾಸಿನಲ್ಲಿ ಸ್ಟೇಜ್ ಅಂದರೆ ಎರಡು ಬೆಂಚು ಪಕ್ಕಕ್ಕೆ ಸರಿಸಿದ ಜಾಗ.

ನನ್ನ ಆಯ್ಕೆಗೆ ಕಾರಣ ಸೋಮಾರಿತನ. ಗುರುವಾರ ನಿನ್ನ ಸರದಿ ಅಂತ ಯಾರಾದರೂ ಹೇಳದಿದ್ದರೆ ನಾನು ಬರೆಯುವವನಲ್ಲ. ತಾನೇ ಕೂತು ಬರೆಯುವ ಶಿಸ್ತು ಇರುವವರಿಗೆ ತಂಡವೇ ಸಾಕಾಗಬಹುದು. ದುಡ್ಡಿನ ವಿಷಯಕ್ಕೆ ಬಂದರೆ ಮೂರರಲ್ಲಿ ಯೂನಿವರ್ಸಿಟಿಯೇ ದುಬಾರಿ, ಒಂದು ಪೇಪರಿಗಾಗಿ ಇಡೀ ಕೋರ್ಸಿನ ಫೀಸು ಕಟ್ಟಬೇಕು. ಅಷ್ಟು ಆಗದಿದ್ದರೆ ವಿಡಿಯೋ ಕೋರ್ಸಿಗೂ ಕಟ್ಟಬೇಡಿ, ನಾಲ್ಕು ಜನ ಗೆಳೆಯರನ್ನು ಕೂರಿಸಿ ಓದಿಸಿ, ಟೈಮರ್ ಹಾಕಿ, ನೀವು ಬಾಯಿ ಮುಚ್ಚಿಕೊಂಡಿರಿ.

ನನ್ನ 17 ನಿಮಿಷದ ನಾಟಕ ಈಗ 11ಕ್ಕೆ ಇಳಿದಿದೆ. ಅಜ್ಜಿಯ ಮಾತು ವಾಪಸ್ ಬಂದಿದೆ, ಎರಡನೇ ಸಲ ಓದಿಸಿದಾಗ ಮೇಷ್ಟ್ರೂ ನಕ್ಕರು.