ಟ್ರಾಮ್ ಫೋಟೊಗೆ ಕಟ್ಟು ಹಾಕಿಸಿದ್ದು

ಮೈಸೂರಿನ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಿಂದ ನಾಲ್ಕು ಹೆಜ್ಜೆ ದೂರದ ಓಣಿಯಲ್ಲಿ ದೇವರ ಫೋಟೊಗೆ ಕಟ್ಟು ಹಾಕುವ ಸಣ್ಣ ಅಂಗಡಿ ಇದೆ. ಬೋರ್ಡ್ ಇಲ್ಲ. ನಾಲ್ಕು ದಿನಕ್ಕೆ ಕೊಡ್ತೀನಿ ಅಂದರು. ಚಾಮುಂಡಿ, ನಂಜುಂಡೇಶ್ವರರ ಮಧ್ಯೆ ನನ್ನ ಡಬ್ಲಿನ್ ಟ್ರಾಮ್ ಹದಿನೈದು ದಿನ ಕೂತಿತ್ತು.

ಐರ್ಲೆಂಡಿನಲ್ಲಿರುವ ಮಗಳು ಕಳಿಸಿದ ಹಳೇ ಫೋಟೊ ಅದು. ಡಬ್ಲಿನ್ ನಗರದ ನೆಲ್ಸನ್ ಕಂಬದ ಮುಂದೆ, ಹತ್ತಿರದ ಡಾಲ್ಕಿ ಊರಿಗೆ ಹೋಗುವ ಡಬಲ್ ಡೆಕ್ಕರ್ ಟ್ರಾಮ್, ಅಂದರೆ ರಸ್ತೆಯ ಹಳಿ ಮೇಲೆ ಓಡುವ ಗಾಡಿ.

ಕಟ್ಟು ಹಾಕಿ ಕೊಟ್ಟಾಗ ನೋಡಿದರೆ ಟ್ರಾಮಿಗೆ ತಲೆಯೇ ಇಲ್ಲ! ಸುತ್ತಲಿನ ಬಿಳಿ ರಟ್ಟು ಮೇಲ್ಗಡೆ ಅರ್ಧ ಇಂಚು ನುಂಗಿತ್ತು. ನನಗೆ ಬೇಕಾಗಿದ್ದೇ ಆ ಅರ್ಧ ಇಂಚು. ಅಲ್ಲಿ ಬಿಲ್ವಪತ್ರೆ ತರ ಮೂರೆಲೆಯ ಗುರುತಿದೆ. ಫೋಟೊ ಕಪ್ಪು ಬಿಳುಪು, ನಿಜವಾದ ಬಣ್ಣ ಹಸಿರು. 1903ರಿಂದ 1918ರಲ್ಲಿ ನಂಬರ್ ಬರುವ ತನಕ ಡಬ್ಲಿನ್‌ನಲ್ಲಿ ಒಂದೊಂದು ರೂಟಿಗೂ ಒಂದೊಂದು ಚಿಹ್ನೆ. ಓದು ಬರದವರೂ ದೂರದಿಂದಲೇ ನೋಡಿ ಹತ್ತಬಹುದಿತ್ತು. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. 201 ಅಂತ ಬೋರ್ಡ್ ಇದ್ದರೂ ‘ಬೆಟ್ಟಕ್ಕೆ ಹೋಗತ್ತಾ?’ ಅಂತ ಕೇಳುವವರಿಗೆ ಹೇಳಿ ಹೇಳಿಯೇ ನನ್ನ ಗಂಟಲು ಹೋಗಿದ್ದು. ಒಂದು ಎಲೆ ಬರೆದಿದ್ದರೆ ಸಾಕಿತ್ತು, ಅಲ್ವಾ?

ಇಷ್ಟು ಹೇಳಿದ ಮೇಲೆ ಅಂಗಡಿಯವರು ಗೊಣಗದೆ ರಟ್ಟು ಬಿಚ್ಚಿದರು. ಬಿಚ್ಚುತ್ತಾ ‘ಮೊದಲು ಕುದುರೆ ಎಳೀತಿತ್ತಾ ಸಾರ್?’ ಅಂದರು. ಹೌದು, 1872ರಲ್ಲಿ ಕಾಲೇಜ್ ಗ್ರೀನ್‌ನಿಂದ ರಾತ್‌ಗಾರ್‌ಗೆ. ಅದಕ್ಕೂ ಮೊದಲು 1867ರಲ್ಲಿ ಒಮ್ಮೆ ಹಳಿ ಹಾಕಿದ್ದರು. ಹಳಿ ರಸ್ತೆಗಿಂತ ಎದ್ದು ನಿಂತು ಬೇರೆ ಗಾಡಿಗಳಿಗೆ ತೊಂದರೆಯಾಗಿ ಕಿತ್ತುಹಾಕಬೇಕಾಯಿತು. ‘ಹಳಿ ಮೇಲೆ ಕುದುರೆಗೆ ಸಲೀಸು ಬಿಡಿ, ಟಾಂಗಾಕ್ಕಾದರೆ ಗುಂಡಿ’ ಅಂತ ಅವರೇ ಅಂದರು. ಸರಿಯಾದ ಮಾತು. ಕಬ್ಬಿಣದ ಮೇಲೆ ಕಬ್ಬಿಣದ ಚಕ್ರ, ಎರಡೇ ಕುದುರೆ ತುಂಬಿದ ಗಾಡಿ ಎಳೆಯುತ್ತಿದ್ದವು. 1896ರಲ್ಲಿ ಡಾಲ್ಕಿ ರೂಟಿಗೆ ಕರೆಂಟ್ ಬಂತು. 1901ರ ಜನವರಿಗೆ ಕುದುರೆ ಟ್ರಾಮ್ ಪೂರ್ತಿ ನಿಂತೇ ಹೋಯಿತು.

ಎರಡನೇ ಸಲ ಕೆಲಸ ಚೊಕ್ಕ. ಮರದ ಪಟ್ಟಿಯ ಮೂಲೆಗಳಲ್ಲಿ ಉಗುರು ತೂರಿಸೋಕೂ ಸಂದಿ ಇಲ್ಲ, ಹಿಂದೆ ಕಂದು ಕಾಗದ ಬಿಗಿಯಾಗಿ ಅಂಟಿದೆ. 450 ರೂಪಾಯಿ. ತಿದ್ದಿದ್ದಕ್ಕೆ ಜಾಸ್ತಿ ಕೇಳಲಿಲ್ಲ.

ಹೋಗುವವರು ಮೇಲೆ ಎಷ್ಟು ಕಾಣಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಯೇ ಕೊಡಿ. ಹಬ್ಬದ ಹಿಂದಿನ ವಾರ ಮಾತ್ರ ಬೇಡ, ಆಗ ದೇವರುಗಳದ್ದೇ ಕ್ಯೂ ಇರುತ್ತೆ.