ಮಳೆಗಾಲಕ್ಕೆ ಒಂದು ಹಳೇ ಕಾನ್ಸರ್ಟ್ ಡಿವಿಡಿ

ಮಡಿಕೇರಿಯಲ್ಲಿ ಮೂರು ದಿನದಿಂದ ಬಿಡದೆ ಮಳೆ, ಕರೆಂಟ್ ಬಂದು ಹೋಗಿ ಮಾಡುತ್ತಿತ್ತು, ಇನ್ವರ್ಟರ್ ನಂಬಿಕೊಂಡು ಕೂತು ನೋಡಿದ್ದು ಮೈಕಲ್ ಜಾಕ್ಸನ್ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಕೊಟ್ಟ ಶೋ. ಅಣ್ತಮ್ಮಂದಿರ ಗುಂಪು ಬಿಟ್ಟು ಒಬ್ಬನೇ ಹೊರಟ ಮೊದಲ ವಿಶ್ವ ಪ್ರವಾಸದ ಶೋ ಅದು. ಆ ಪ್ರವಾಸ 1987ರ ಸೆಪ್ಟೆಂಬರ್‌ನಲ್ಲಿ ಟೋಕಿಯೋದಲ್ಲಿ ಶುರು, 1989ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮುಗಿಯಿತು, ಒಟ್ಟು 123 ಶೋ! ಡಿವಿಡಿಯಲ್ಲಿರುವುದು 1988ರ ಜುಲೈ 16ರದ್ದು, ಬ್ರಿಟನ್ನಿನ ರಾಜಕುಮಾರಿ ಡಯಾನಾ ಕೂಡ ನೋಡಲು ಬಂದಿದ್ದ ದಿನ.

ಮೊದಲೇ ಹೇಳಿಬಿಡುತ್ತೇನೆ, ಚಿತ್ರ ಮಬ್ಬು. ವಿಎಚ್‌ಎಸ್ ಟೇಪಿನಿಂದ ತೆಗೆದದ್ದು, ಥೇಟ್ ನಮ್ಮ ಚಿಕ್ಕಪ್ಪನ ಮದುವೆ ಕ್ಯಾಸೆಟ್. ದೊಡ್ಡ ಟಿವಿಯಲ್ಲಿ ಸುಮ್ನೆ ಹಾಕಬೇಡಿ. ಆದರೆ ಸೌಂಡ್! ಬೇಸ್ ಶುರುವಾದರೆ ಶೀಟಿನ ಮೇಲೆ ಬೀಳುವ ಮಳೆಯೂ ಕೇಳುವುದಿಲ್ಲ. ಬಕಲ್‌ಗಳೇ ತುಂಬಿದ ಆ ಕಪ್ಪು ಡ್ರೆಸ್ಸಿನಲ್ಲಿ ಅವನು ಕುಣಿಯುವಾಗ ಕಾಫಿ ತಂದ ಅಮ್ಮ ಲೋಟ ಕೈಯಲ್ಲೇ ಹಿಡಿದು ನಿಂತುಬಿಟ್ಟರು. "ಇವನಿಗೆ ಕಾಲು ನೋಯಲ್ವಾ?" ಅಂದರು. ಕಾಫಿ ಆರಿಹೋಯಿತು.

ಸೆಕೆಂಡ್ ಹ್ಯಾಂಡ್ ತರಿಸಿದ್ದು, ಡಬ್ಬಿ ಒಡೆದು ಬಂತು. ಮಾರಿದವರಿಗೆ ಎರಡು ಸಲ ಮೆಸೇಜ್ ಹಾಕಿದೆ, ಉತ್ತರವೇ ಇಲ್ಲ. ಡಿಸ್ಕ್‌ಗೆ ಏನೂ ಆಗಿಲ್ಲ, ಅಷ್ಟರಮಟ್ಟಿಗೆ ಬಚಾವ್.