ಅಕಿಹಬರಾದ ಸೂಪರ್ ಪೊಟೇಟೋ: ನಾಲ್ಕು ಸಲ ಹೋದೆ, ಒಂದೇ ಕ್ಯಾಸೆಟ್ ತಂದೆ

ಈ ಹಳೆ ವಿಡಿಯೋ ಗೇಮ್ ಅಂಗಡಿ ಚೆನ್ನಾಗಿಲ್ಲ ಅಂತ ತಿಳ್ಕೋಬೇಡಿ. ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಬೆಲೆ ನೋಡಿದಾಗಲೆಲ್ಲ ಕೈ ತಾನಾಗಿ ಜೇಬಿನಿಂದ ಆಚೆ ಬರುತ್ತಿತ್ತು, ಅಷ್ಟೇ.

2024ರಲ್ಲಿ ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಟೋಕಿಯೋದಲ್ಲಿದ್ದೆ. ಭಾನುವಾರ ಬಂತೆಂದರೆ ಜೊತೆಯವರೆಲ್ಲ ದೇವಸ್ಥಾನ, ಫುಜಿ ಬೆಟ್ಟ ಅಂತ ಹೊರಡುತ್ತಿದ್ದರು, ನಾನು ಅಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಅಕಿಹಬರಾ ರೈಲು ಹತ್ತುತ್ತಿದ್ದೆ. ಹಳೆ ವಿಡಿಯೋ ಗೇಮ್ ಹುಚ್ಚು ಇರುವವರಿಗೆಲ್ಲ ಸೂಪರ್ ಪೊಟೇಟೋ ಹೆಸರು ಗೊತ್ತಿರುತ್ತದೆ. ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹಳೆ ಕಟ್ಟಡದ 3, 4, 5ನೇ ಮಹಡಿ. ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ ಎದುರಿಂದ ಒಬ್ಬರು ಬಂದರೆ ಬೆನ್ನುಚೀಲ ತೆಗೆದು ಎದೆಗೆ ಹಿಡಿದುಕೊಂಡು ಗೋಡೆಗೆ ಒರಗಬೇಕು. ಕೊನೆಯ ಮಹಡಿಯಲ್ಲಿ ನಾಣ್ಯ ಹಾಕಿ ಆಡುವ ಹಳೆ ಆರ್ಕೇಡ್ ಮೆಷಿನ್‌ಗಳು, ಪಕ್ಕದಲ್ಲೇ ನಮ್ಮ ಪೆಪ್ಪರ್‌ಮಿಂಟು, ಕಂಬರಕಟ್ಟು ಥರದ ಅವರ ಮಕ್ಕಳ ಚಿಲ್ಲರೆ ತಿಂಡಿ. ಕೆಳಗಿನ ಎರಡು ಮಹಡಿಯಲ್ಲಿ ನೆಲದಿಂದ ಸೂರಿನವರೆಗೆ ಕ್ಯಾಸೆಟ್ಟು, ಕ್ಯಾಸೆಟ್ಟು, ಕ್ಯಾಸೆಟ್ಟು.

ಹೌದು, ಕ್ಯಾಸೆಟ್ಟೇ, ಮೆಷಿನ್ನಿಗೆ ತುರುಕುವ ಗೇಮ್ ಬಿಲ್ಲೆ. ಅಮೆರಿಕದವರು ಕಾರ್ಟ್ರಿಜ್ ಅನ್ನುತ್ತಾರೆ. ದಾವಣಗೆರೆಯಲ್ಲಿ ನಾವು ಕ್ಯಾಸೆಟ್ ಅನ್ನುತ್ತಿದ್ದೆವು, ಹಾಡಿನ ಕ್ಯಾಸೆಟ್ ನೋಡಿ ಹಳ್ಳಿ ಹುಡುಗರು ಇಟ್ಟ ಹೆಸರು ಅಂತ ಕಾಲೇಜಿಗೆ ಬಂದ ಮೇಲೆ ಸ್ವಲ್ಪ ನಾಚಿಕೆಯೂ ಆಗುತ್ತಿತ್ತು. ಇಲ್ಲಿ ನೋಡಿದರೆ ಜಪಾನಿನವರೂ 'ಕಸೆತ್ತೋ' ಅನ್ನುತ್ತಾರೆ! ಈ ಗೇಮ್ ಮಾಡಿದವರೇ ಹಾಗಂದ ಮೇಲೆ ಇನ್ನೇನು.

ಮೊದಲ ದಿನ ಆದ ಒಂದು ಕಥೆ ಕೇಳಿ. ಆಡಿ ನೋಡಲಿ ಅಂತ ಒಂದು ಫ್ಯಾಮಿಕಾಮ್, ಅಂದರೆ ನಿಂಟೆಂಡೊ ಕಂಪನಿಯ ಹಳೆ ಗೇಮ್ ಮೆಷಿನ್ ಅನ್ನು ಡಬ್ಬಾ ಟಿವಿಗೆ ಜೋಡಿಸಿಟ್ಟಿದ್ದರು. ಮಾರಿಯೋ. ಕಣ್ಣು ಮುಚ್ಚಿಕೊಂಡು ಆಡಬಲ್ಲೆ ಅಂತ ಕೂತೆ, ಮೊದಲನೇ ಗುಂಡಿಗೇ ಬಿದ್ದೆ. ಎರಡನೇ ಸಲವೂ ಬಿದ್ದೆ. ಪಕ್ಕದಲ್ಲಿದ್ದ ಚಿಕ್ಕ ಹುಡುಗಿ ಅಯ್ಯೋ ಪಾಪ ಅನ್ನುವಂತೆ ನೋಡಿದಳು. ಆಮೇಲೆ ಗೊತ್ತಾಯಿತು, ಹಾಡೇ ಬೇಗ ಓಡುತ್ತಿದೆ. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ನಮ್ಮ ಕಡೆಯ ಪಾಲ್ ಪದ್ಧತಿಯ ಟಿವಿ 50 ಸಲ. ನಮ್ಮೂರಲ್ಲಿ ಸಿಗುತ್ತಿದ್ದ ನಕಲಿ ಟಿವಿ ಗೇಮ್‌ಗಳು ಆ 50ಕ್ಕೆ ಹೊಂದಿಸಿ ಮಾಡಿದವು, ಹಾಗಾಗಿ ಆಟವೂ ಹಾಡೂ ಆರರಲ್ಲಿ ಒಂದು ಪಾಲು ನಿಧಾನ. ಬಾಲ್ಯವಿಡೀ ನಾನು ನಿಧಾನದ ಮಾರಿಯೋ ಆಡಿದ್ದೆ, ಅದನ್ನೇ ನಿಜ ಅಂದುಕೊಂಡಿದ್ದೆ.

ಈಗ ಬೆಲೆಗೆ ಬರೋಣ, ಅದಕ್ಕೇ ತಾನೆ ಓದ್ತಿರೋದು. ಫ್ಯಾಮಿಕಾಮ್ ಬಂದಿದ್ದು 1983ರ ಜುಲೈ 15ಕ್ಕೆ, ಆಗ ಅದರ ಬೆಲೆ 14,800 ಯೆನ್. ಈಗ ಮೆಷಿನ್ನಿಗಿಂತ ಕ್ಯಾಸೆಟ್‌ನದೇ ದೊಡ್ಡ ಲೆಕ್ಕ. ಅಂಗಡಿಯಲ್ಲಿ ಪ್ರತಿ ಕ್ಯಾಸೆಟ್‌ಗೂ ಪ್ಲಾಸ್ಟಿಕ್ ಕವರ್, ಮೇಲೆ ಸ್ಟಿಕರ್. ಸ್ಟಿಕರ್ ಓದಲು ನಾಲ್ಕು ಮಾತು ಗೊತ್ತಿದ್ದರೆ ಸಾಕು, ಫೋನಿನ ಕ್ಯಾಮೆರಾ ಹಿಡಿದರೆ ಅದೇ ಅನುವಾದ ಮಾಡಿಕೊಡುತ್ತದೆ. 'ಹಾಕೋ-ಸೆತ್ಸು' ಅಂದರೆ ರಟ್ಟಿನ ಡಬ್ಬಿ, ಪುಸ್ತಿಕೆ ಎರಡೂ ಇದೆ. 'ಹದಾಕಾ' ಅಂದರೆ ಬೆತ್ತಲೆ, ಬರೀ ಕ್ಯಾಸೆಟ್. 'ಜಂಕು' ಅಂದರೆ ಓಡಿದರೆ ನಿಮ್ಮ ಅದೃಷ್ಟ, ಓಡದಿದ್ದರೆ ವಾಪಸ್ ತರಬೇಡಿ. ಇದರ ಜೊತೆಗೆ ಲೇಬಲ್ ಬಿಸಿಲಿಗೆ ಮಾಸಿದೆ, ಹಿಂದೆ ಹೆಸರು ಬರೆದಿದೆ ಅಂತ ತಪ್ಪುಗಳನ್ನೆಲ್ಲ ಅವರೇ ಬರೆದಿಟ್ಟಿರುತ್ತಾರೆ. ಸಂಬಂಧ ನೋಡೋಕೆ ಹೋದಾಗ ಹುಡುಗನ ಕಡೆಯವರೇ ಅವನ ಕೆಟ್ಟ ಚಟ ಹೇಳಿಬಿಟ್ಟ ಹಾಗೆ. ನನಗೆ ಇದು ಬಹಳ ಹಿಡಿಸಿತು.

ಆ ಡಬ್ಬಿ ತೆಳು ರಟ್ಟಿನದು, ಮಕ್ಕಳು ಮೊದಲ ವಾರವೇ ಹರಿದು ಬಿಸಾಕಿರುತ್ತಾರೆ. ಅದಕ್ಕೇ ಡಬ್ಬಿ ಉಳಿದಿದ್ದರೆ ಅದೇ ಆಟದ ಬೆಲೆ ಎರಡು ಪಟ್ಟು, ಮೂರು ಪಟ್ಟು, ಕೆಲವಕ್ಕೆ ಇನ್ನೂ ಜಾಸ್ತಿ. ಅಂದರೆ ನೀವು ದುಡ್ಡು ಕೊಡುವುದು ಆಟಕ್ಕಲ್ಲ, ರಟ್ಟಿಗೆ.

ಇನ್ನೊಂದು ವಿಚಿತ್ರ ಏನಂದರೆ, ತುಂಬಾ ಹಳೆಯದಕ್ಕೆ ತುಂಬಾ ಬೆಲೆ ಅಂತ ಇಲ್ಲವೇ ಇಲ್ಲ. 1985ರ ಸೂಪರ್ ಮಾರಿಯೋ ಬರೀ ಕ್ಯಾಸೆಟ್ ಆದರೆ ಒಂದು ಊಟದ ದುಡ್ಡಿಗೆ ಸಿಗುತ್ತದೆ, ಯಾಕಂದರೆ ಜಪಾನಿನ ಮನೆಮನೆಯಲ್ಲೂ ಅದು ಇತ್ತು. ಬೆಲೆ ಏರಿರುವುದು ಕೊನೆಗೆ ಬಂದವಕ್ಕೆ. 1990ರ ನವೆಂಬರ್‌ನಲ್ಲಿ ಸೂಪರ್ ಫ್ಯಾಮಿಕಾಮ್ ಬಂತು, ಎಲ್ಲರೂ ಅದರ ಹಿಂದೆ ಓಡಿದರು. ಆಮೇಲೂ ಹಳೆ ಮೆಷಿನ್ನಿಗೆ ಆಟ ಮಾಡಿದವರು ಸ್ವಲ್ಪವೇ ಅಚ್ಚು ಹಾಕಿಸಿದರು. ಸನ್‌ಸಾಫ್ಟ್‌ನ 'ಗಿಮಿಕ್' 1992ರದು, ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು, ಬೆಲೆ ಐದಂಕಿ. ಆಡೋದಷ್ಟೇ ಬೇಕು ಅನ್ನುವವರಿಗೆ ಅದೇ ಆಟ 2023ರಲ್ಲಿ ಹೊಸ ಮೆಷಿನ್‌ಗಳಿಗೆ ಮತ್ತೆ ಬಂದಿದೆ, ಅಗ್ಗವಾಗಿ. ಬೀರುವಿನ ಮುಂದೆ ಮೂಗು ಒತ್ತಿ ನಿಲ್ಲುವವರು ಆಡೋಕೆ ಬಂದವರಲ್ಲ ಬಿಡಿ.

ಅದರ ಪಕ್ಕದಲ್ಲೇ ನನ್ನ ಹೊಟ್ಟೆ ಉರಿಸಿದ್ದು ಅಡ್ವೆಂಚರ್ ಐಲ್ಯಾಂಡ್ 4. ಹಣ್ಣು ತಿಂದುಕೊಂಡು, ಕೊಡಲಿ ಎಸೆದುಕೊಂಡು, ಸ್ಕೇಟಿಂಗ್ ಹಲಗೆ ಮೇಲೆ ಓಡುವ ಟೋಪಿ ಹುಡುಗ ನೆನಪಿದ್ದಾನಲ್ವಾ? ಅವನದೇ ನಾಲ್ಕನೇ ಭಾಗ. ಜಪಾನಿನಲ್ಲಿ ಮಾತ್ರ ಬಂತು, 1994ರ ಜೂನ್‌ನಲ್ಲಿ. ಫ್ಯಾಮಿಕಾಮ್‌ಗೆ ಅಧಿಕೃತವಾಗಿ ಬಂದ ಕೊನೆಯ ಆಟವೇ ಅದು. ನಾಲ್ಕು ಸಲವೂ ಅದನ್ನು ನೋಡಿದೆ, ನಾಲ್ಕು ಸಲವೂ ಬಿಟ್ಟು ಬಂದೆ.

ಇದರ ಮಧ್ಯೆ ಊರಿಂದ ನಮ್ಮ ಭಾವನ ಫೋನು. 2021ರ ಜುಲೈನಲ್ಲಿ ಅಮೆರಿಕದ ಹರಾಜಿನಲ್ಲಿ ಸೀಲ್ ಒಡೆಯದ ಸೂಪರ್ ಮಾರಿಯೋ 64 ಒಂದು 15 ಲಕ್ಷ 60 ಸಾವಿರ ಡಾಲರಿಗೆ ಹೋಗಿತ್ತು, ಆಗಿನ ಲೆಕ್ಕಕ್ಕೆ ಹನ್ನೊಂದೂವರೆ ಕೋಟಿ ರೂಪಾಯಿ. ಆ ಹಳೆ ಸುದ್ದಿ ಮೂರು ವರ್ಷ ಸುತ್ತಾಡಿ ಅವರ ವಾಟ್ಸಾಪಿಗೆ ಈಗ ಬಂದಿದೆ.

"ಅಲ್ಲೋ, ನಿಮ್ಮ ಮನೆ ಅಟ್ಟದ ಮೇಲೂ ಇತ್ತಲ್ಲ ಹಳದಿ ಕ್ಯಾಸೆಟ್ಟು, ಅದಕ್ಕೆಷ್ಟು ಬರ್ತದೆ?"

"ಭಾವ, ಅದು 99 ಲಕ್ಷ ಇನ್ ಒನ್. ನಕಲಿ."

"99 ಲಕ್ಷ ಗೇಮ್ ಇದ್ದರೆ ಇನ್ನೂ ಜಾಸ್ತಿ ಬರಬೇಕಲ್ಲಪ್ಪ?"

ಏನು ಹೇಳೋದು. ಆ ಹರಾಜಿನ ರೇಟು ಆಟದ್ದಲ್ಲ, ಯಾರೂ ಮುಟ್ಟದ ಪ್ಲಾಸ್ಟಿಕ್ ಹೊದಿಕೆಯದು, ಅದರ ಮೇಲೆ ಅಂಕ ಹಾಕಿ ಗಟ್ಟಿ ಡಬ್ಬಿಯಲ್ಲಿ ಮುಚ್ಚಿಕೊಡುವ ಕಂಪನಿಗಳದು. ಅದೇ ಮಾರಿಯೋ 64 ಬಿಡಿ ಕ್ಯಾಸೆಟ್ ಸಾಮಾನ್ಯದವರ ಕೈಗೆಟುಕುವ ಬೆಲೆಗೇ ಸಿಗುತ್ತದೆ. ಸುಮ್ನೆ ಆ ಸುದ್ದಿ ನೋಡಿ ಹೂಡಿಕೆ ಅಂತ ಇದಕ್ಕೆ ಇಳಿಯಬೇಡಿ.

ಹಾಗಾದರೆ ಸೂಪರ್ ಪೊಟೇಟೋದ ಬೆಲೆ ಜಾಸ್ತಿಯಾ? ಜಾಸ್ತಿ. ಜಾಗ ಅಕಿಹಬರಾ, ಗಿರಾಕಿಗಳಲ್ಲಿ ನನ್ನಂಥ ಪರದೇಶಿಗಳೇ ಹೆಚ್ಚು, ಯೆನ್ ಬೇರೆ ಬಿದ್ದಿತ್ತು, ಆಗ 1 ಯೆನ್ ಅಂದರೆ ಸುಮಾರು 55 ಪೈಸೆ. ಡಾಲರು ಹಿಡಿದು ಬಂದವರಿಗೆ ಎಲ್ಲವೂ ಸಸ್ತಾ. ಆದರೆ ಅಸಲಿ ಅನ್ನುವ ನಂಬಿಕೆಗೂ ಒಂದು ಬೆಲೆ ಇದೆ, ಅದನ್ನು ನಾನು ಪೆಟ್ಟು ತಿಂದು ಕಲಿತಿದ್ದೆ. ಹಿಂದಿನ ವರ್ಷ ಬೆಂಗಳೂರಿನಲ್ಲಿ ಆನ್‌ಲೈನಲ್ಲಿ ಒಬ್ಬರಿಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ಎಮರಾಲ್ಡ್ ಕ್ಯಾಸೆಟ್ ತರಿಸಿದ್ದೆ, 2,800 ರೂಪಾಯಿ. ಅಸಲಿಯಾದರೆ ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ, ಬೋರ್ಡಿನ ಅಂಚಿನಲ್ಲಿ ನಿಂಟೆಂಡೊ ಅಂತ ಚಿಕ್ಕದಾಗಿ ಅಚ್ಚಾಗಿರುತ್ತದೆ. ಲೇಬಲ್ ಓರೆ ಮಾಡಿ ಬೆಳಕಿಗೆ ಹಿಡಿದರೆ ಒತ್ತಿದ ಎರಡಂಕಿ ಕಾಣುತ್ತದೆ. ನನ್ನದರಲ್ಲಿ ಎರಡೂ ಇರಲಿಲ್ಲ. ಇಪ್ಪತ್ತು ಗಂಟೆ ಆಡಿದ ಮೇಲೆ ಸೇವ್ ಕೂಡ ಹಾರಿಹೋಯಿತು. ಅವರಿಗೆ ಮೆಸೇಜ್ ಹಾಕಿದೆ, ಬ್ಲಾಕ್ ಆದೆ.

ಆ ನೋವಿನಲ್ಲೇ ಮೂರನೇ ಸಲ ಹೋದಾಗ ಗಟ್ಟಿ ಮನಸ್ಸು ಮಾಡಿ ಒಂದು ಕೊಂಡೆ. ಗುಂಡು ಹಾರಿಸುವ ಆಟ ಕಾಂಟ್ರಾ, ಕೊನಾಮಿ ಕಂಪನಿಯದು, 1988, ಹದಾಕಾ, 7,480 ಯೆನ್. ನಮ್ಮ ದುಡ್ಡಲ್ಲಿ ನಾಲ್ಕು ಸಾವಿರದ ಮೇಲೆ. ಯಾಕೆ ಇದೇ ಅಂದರೆ, ಜಪಾನಿನ ಕಾಂಟ್ರಾ ಬೇರೆಯೇ. ಮೊದಲ ಹಂತದಲ್ಲಿ ಹಿಂದಿನ ಮರದ ಎಲೆ ಅಲ್ಲಾಡುತ್ತದೆ, ಹಿಮದ ಹಂತದಲ್ಲಿ ನಿಜವಾಗಿ ಹಿಮ ಬೀಳುತ್ತದೆ, ಹಂತ ಹಂತದ ನಡುವೆ ನಕ್ಷೆ ಬರುತ್ತದೆ. ಕೊನಾಮಿ ತನ್ನದೇ ಚಿಪ್ ಹಾಕಿ ಇದನ್ನು ಮಾಡಿತ್ತು. ಅಮೆರಿಕದ ಆವೃತ್ತಿಯಲ್ಲಿ ಆ ಚಿಪ್ಪಿಲ್ಲ, ಎಲೆಯೂ ಅಲ್ಲಾಡಲ್ಲ. ಕೌಂಟರಿನಲ್ಲಿದ್ದ ಹುಡುಗ ಕ್ಯಾಸೆಟ್ಟನ್ನು ಕವರಿನಿಂದ ತೆಗೆದು, ಹಿಂದೆ ಮುಂದೆ ತಿರುಗಿಸಿ ನನಗೆ ತೋರಿಸಿ, ಒಪ್ಪಿಗೆನಾ ಅನ್ನುವಂತೆ ತಲೆ ಬಾಗಿಸಿ, ಮತ್ತೆ ಎರಡು ಕೈಯಲ್ಲಿ ಕೊಟ್ಟ. ಪ್ರಸಾದ ಈಸ್ಕೊಂಡ ಹಾಗೆ ನಾನೂ ಎರಡು ಕೈ ಚಾಚಿದೆ.

ದುಡ್ಡು ಉಳಿಸಬೇಕು ಅನ್ನುವವರು ಊರಾಚೆಯ ಹಾರ್ಡ್ ಆಫ್‌ಗೆ ಹೋಗಿ. ಹಳೆ ಸಾಮಾನಿನ ದೊಡ್ಡ ಸರಣಿ ಅಂಗಡಿ ಅದು, ಒಳಗೆ ಜಂಕು ಬುಟ್ಟಿಗಳಿರುತ್ತವೆ. ಅದರಲ್ಲಿ ಕೈ ಹಾಕಿ ಕೆದಕುವಾಗ ನನಗೆ ಸಿಕ್ಕಿದ್ದು ಬ್ಯಾಟಲ್ ಸಿಟಿ, 550 ಯೆನ್. ಹೆಸರು ಹೇಳಿದರೆ ಗೊತ್ತಾಗಲ್ಲ, ನಮಗೆಲ್ಲ ಅದು ಟ್ಯಾಂಕ್ ಗೇಮ್. ನಾಮ್ಕೋ 1985ರಲ್ಲಿ ಮಾಡಿದ್ದು. ಅಮೆರಿಕದ ಮಕ್ಕಳಿಗೆ ಫ್ಯಾಮಿಕಾಮ್‌ನ ಈ ಆಟ ಆಗ ಅಧಿಕೃತವಾಗಿ ಸಿಗಲೇ ಇಲ್ಲ, ಆದರೆ ನಕಲಿ ಕ್ಯಾಸೆಟ್ ಪುಣ್ಯದಿಂದ ದಾವಣಗೆರೆಯ ಗಲ್ಲಿಗಲ್ಲಿಯಲ್ಲಿ ಆಡಿದ್ದೇವೆ. ಹಿಂದೆ ಮಾರ್ಕರ್‌ನಲ್ಲಿ ಯಾವುದೋ ಹುಡುಗನ ಹೆಸರು, ಪಕ್ಕದಲ್ಲಿ 2-3 ಅಂತ, ಅಂದರೆ ಎರಡನೇ ಕ್ಲಾಸು, ಮೂರನೇ ಸೆಕ್ಷನ್ನು. ಸ್ನೇಹಿತರಿಗೆ ಕೊಟ್ಟರೆ ವಾಪಸ್ ಬರಲಿ ಅಂತ ಬರೆದಿದ್ದು. ಸಂಗ್ರಹಕಾರರಿಗೆ ಇದು ದೋಷ, ಬೆಲೆ ಇಳಿಯುತ್ತದೆ. ನಾನು ಆಮೇಲೆ ಬುಟ್ಟಿಯಲ್ಲಿ ಹೆಸರು ಬರೆದವನ್ನೇ ಹುಡುಕತೊಡಗಿದೆ. ಅಗ್ಗಕ್ಕೆ ಅಗ್ಗ, ಮನುಷ್ಯರ ಕೈ ಮುಟ್ಟಿದ್ದಕ್ಕೆ ಗುರುತೂ ಆಯಿತು.

ಮೆಷಿನ್ ಕೊಳ್ಳುವವರಿಗೆ ಒಂದು ಮಾತು. ಜಪಾನಿನ ಕರೆಂಟು 100 ವೋಲ್ಟು. ನನ್ನ ಜೊತೆಗಿದ್ದವರೊಬ್ಬರು ಫ್ಯಾಮಿಕಾಮ್ ತಂದು, ಅದರ ಅಡಾಪ್ಟರನ್ನು ನೇರವಾಗಿ ನಮ್ಮ 230 ವೋಲ್ಟಿಗೆ ಚುಚ್ಚಿದರು, ಮೂರು ಸೆಕೆಂಡಲ್ಲಿ ವಾಸನೆ ಬಂತು. ಇಷ್ಟಾಗಿಯೂ 1983ರ ಮಾಡೆಲ್ ಆಂಟೆನಾ ತೂತಿನಿಂದ ಚಿತ್ರ ಕೊಡುವಂಥದು, ನಮ್ಮ ಟಿವಿಯಲ್ಲಿ ಹಿಡಿಯುವುದೇ ಕಷ್ಟ. ಕೊಳ್ಳಲೇಬೇಕೆಂದರೆ 1993ರ ನ್ಯೂ ಫ್ಯಾಮಿಕಾಮ್ ನೋಡಿ, ಹಳದಿ ಪಿನ್ನಿನ ವೈರಿನಲ್ಲಿ ಚಿತ್ರ ಬರುತ್ತದೆ.

ನನಗೆ ಅದರ ಅಗತ್ಯ ಬೀಳಲಿಲ್ಲ. ನಮ್ಮ ನಕಲಿ ಮೆಷಿನ್‌ಗಳು ಫ್ಯಾಮಿಕಾಮ್‌ನದೇ 60 ಪಿನ್ನಿನ ಬಾಯಿ ಇಟ್ಟುಕೊಂಡಿದ್ದವು. ಊರಿಗೆ ಬಂದ ದಿನವೇ ಅಟ್ಟ ಹತ್ತಿ ಭಾವನ ಹನ್ನೊಂದೂವರೆ ಕೋಟಿ ಸಮೇತ ನಮ್ಮ ಹಳೆ ಮೆಷಿನ್ನನ್ನು ಕೆಳಗಿಳಿಸಿದೆ. ಬ್ಯಾಟಲ್ ಸಿಟಿ ತುರುಕಿದೆ, ಬರಲಿಲ್ಲ. ತಮ್ಮ ಕಸಿದುಕೊಂಡು ಉಫ್ ಅಂತ ಊದಿ ಹಾಕಿದ. ಊದಬಾರದು, ಎಂಜಲಿನ ಪಸೆಗೆ ಹಲ್ಲು ತುಕ್ಕು ಹಿಡಿಯುತ್ತದೆ ಅಂತ ಹೇಳುವಷ್ಟರಲ್ಲಿ ಆಟದ ಹೆಸರು ಪರದೆ ಮೇಲೆ ಏರಿತು, ನಮ್ಮ ಆ ನಿಧಾನದ ಧಾಟಿಯಲ್ಲೇ. ಅವನು ಆಟಕ್ಕೇ ಹೋಗಲಿಲ್ಲ. ಮೈದಾನ ನಾವೇ ಕಟ್ಟಿಕೊಳ್ಳುವ ಕನ್‌ಸ್ಟ್ರಕ್ಷನ್‌ಗೆ ನೇರ ಹೋಗಿ, ಮೊದಲಿನ ಹಾಗೆಯೇ ಆಟದಲ್ಲಿ ಕಾಯಬೇಕಾದ ಹದ್ದಿನ ಸುತ್ತ ಉಕ್ಕಿನ ಗೋಡೆ ಕಟ್ಟುತ್ತಾ ಕೂತ.